ಮಗ್ಗದ ಕುಣಿಗೆ ಉಪ್ಪುನೀರು

ನಮ್ಮ ಮನೆಯ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ನಿಂತುಹೋಗುತ್ತಿದ್ದ ಆ ಬೇಸಿಗೆಯಲ್ಲಿ ನಾನು ನಮ್ಮ ಅವ್ವನ ಜೀವ ತೆಗೆಯುವುದರಲ್ಲಿದ್ದೆ. ಬೇಕಂತ ಅಲ್ಲ, ಕಂಪ್ಯೂಟರನ್ನು ನೆಟ್ಟಗೆ ಮಾಡುವ ಹಟದಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದಿನದನ್ನು ಹೇಳುವಾಗ ನಾನು ಭಾಳ ಶಾಣ್ಯಾಳಂತೆ ಕಾಣಿಸುವ ಸಂಭವವಿದೆ.

ಇಳಕಲ್ಲಿನಲ್ಲಿ ನಮ್ಮದು ಮೂರು ಕೋಣೆಯ ಸಾಲುಮನೆ. ಇರುವವರು ಇಬ್ಬರೇ, ಅವ್ವ ಮತ್ತು ನಾನು. ಪಡಸಾಲೆಯ ಅರ್ಧವನ್ನು ಅವ್ವನ ಕುಣಿಮಗ್ಗ ನುಂಗಿದೆ. ನೆಲದಲ್ಲಿ ಮೊಣಕಾಲಿಗಿಂತ ಆಳದ ಒಂದು ಕುಣಿ. ಅದರ ದಂಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ ಅವಳು ಸೀರೆ ನೇಯುತ್ತಾಳೆ. ಉಳಿದ ಅರ್ಧದಲ್ಲಿ ನನ್ನ ಮೇಜು ಮತ್ತು ಕಂಪ್ಯೂಟರ್. ಪುಸ್ತಕ, ಲಗ್ನಪತ್ರಿಕೆ, ಸಾಲೆಯ ಪ್ರಶ್ನೆಪತ್ರಿಕೆ, ಯಾರು ಏನು ತಂದುಕೊಟ್ಟರೂ ಟೈಪು ಮಾಡಿ ಪುಟ ಕಟ್ಟಿಕೊಡುವುದು ನನ್ನ ಕೆಲಸ. ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಹಗಲೆಲ್ಲ ದುಡಿಯುತ್ತೇವೆ, ಮುಖ ನೋಡದೆಯೇ ಜಗಳವನ್ನೂ ಆಡುತ್ತೇವೆ.

ಮಗ್ಗಕ್ಕೆ ಚಪ್ಪಲಿ ಸೋಕಬಾರದು ಎನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಸೋಮವಾರ ವಿಭೂತಿ ಹಚ್ಚಿಸಿಕೊಂಡು ಊದಿನಕಡ್ಡಿ ಬೆಳಗಿಸಿಕೊಳ್ಳುವ ಮಗ್ಗ ಅದು. ಅವ್ವ ಕಾಲು ತೊಳೆದು, ಬರಿಗಾಲಲ್ಲೇ ಕುಣಿಗೆ ಇಳಿಯುತ್ತಾಳೆ. ನನಗೋ ಹಿಮ್ಮಡಿ ಒಡೆಯುವ ರೋಗ. ಮನೆಯೊಳಗೂ ರಬ್ಬರಿನ ಚಪ್ಪಲಿ ಬಿಟ್ಟವಳಲ್ಲ. ಹೀಗಾಗಿ ಕುಣಿಯ ಹತ್ತಿರ ನನ್ನನ್ನು ಅವಳು ಸುಳಿಯಗೊಡುತ್ತಿರಲಿಲ್ಲ. ಎಷ್ಟೋ ವರ್ಷ ನಾನು ಅದರೊಳಗೆ ಕಾಲಿಟ್ಟದ್ದೇ ಇಲ್ಲ.

ಆ ಬೇಸಿಗೆಯವರೆಗೆ ಕಾಲಿಟ್ಟದ್ದು ಒಂದೇ ಸಲ, ಕಂಪ್ಯೂಟರ್ ಕೊಂಡ ವರ್ಷ. ಆಗ ಮನೆಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟು ನೆಲಕ್ಕಿಳಿಯುವ ದಾರಿ, ಹಾಕಿಸಬೇಕಾಗಿತ್ತು. ನಮ್ಮ ಓಣಿಯ ವಾಯರಿಂಗಿನ ಚಾಚಾ ಬಂದು ಹಿತ್ತಲಲ್ಲಿ ಅಗೆದು ನೋಡಿದರು. ಒಂದು ಮೊಳ ಮಣ್ಣು, ಅದರ ಕೆಳಗೆ ಕೆಂಪು ಕಲ್ಲು. ನಮ್ಮೂರೇ ಹಾಗೆ, ಎಲ್ಲಿ ಸಲಾಕಿ ಹಾಕಿದರೂ ಕಲ್ಲಿಗೇ ಠಣ್ ಎನ್ನುತ್ತದೆ.

"ಕಲ್ಲು ಒಡೆಯಾವ್ರನ್ನ ಕರ್ಕೊಂಡ ಬರ್ತೇನಿ ತಂಗಿ. ಒಂದ ವಾರ ತಡಿ" ಎಂದರು.

ತಡೆಯುವ ಜಾಯಮಾನ ನನ್ನದಲ್ಲ. ಮನೆಯಲ್ಲಿ ಆಗಲೇ ಒಂದು ಕುಣಿ ಇರುವಾಗ ಇನ್ನೊಂದನ್ನು ಯಾಕೆ ತೋಡಬೇಕು ಅನ್ನಿಸಿತು. ಯಾವ ಕಾಲದಲ್ಲೋ ಯಾರೋ ಕಲ್ಲು ಒಡೆದು ತೋಡಿದ ಮಗ್ಗದ ಕುಣಿ, ತಳದಲ್ಲಿ ತುಂಬಿದ ಮಣ್ಣು, ಯಾವಾಗಲೂ ತುಸು ತಂಪು. ಅವ್ವ ಓಣಿಗೆ ಹೋದಾಗ ಚಪ್ಪಲಿ ಹಾಕಿಕೊಂಡೇ ಇಳಿದು, ಕುಣಿಯ ಮೂಲೆಯಲ್ಲಿ ಒಂದು ಕಬ್ಬಿಣದ ಪೈಪು ಬಡಿದು, ಅರ್ಥಿಂಗಿನ ಹಸಿರು ತಂತಿಯನ್ನು ಅದಕ್ಕೆ ಬಿಗಿದೆ. ವಾರದ ಮೇಲೆ ಚಾಚಾ ಕಲ್ಲು ಒಡೆಯುವವರೊಂದಿಗೆ ಬಂದರೆ ಬಾಗಿಲಲ್ಲೇ ನಿಲ್ಲಿಸಿದೆ.

"ಆಗೇತಿ ಬಿಡ್ರಿ ಚಾಚಾ, ನಾನ ಮಾಡೇನಿ."

"ಎಲ್ಲಿ ಹಾಕೀದಿ?"

"ಎಲ್ಲೋ ಒಂದ ಕಡೆ. ಕೆಲಸ ನಡದೈತಿ."

ನನ್ನ ಬಾಯಿಗೆ ಯಾರು ಎದುರು ನಿಲ್ಲುತ್ತಾರೆ. ಅವರು ಹಾಗೇ ಹೋದರು.

ನಾಲ್ಕು ವರ್ಷ ಏನೂ ಆಗಲಿಲ್ಲ. ಐದನೆಯ ಬೇಸಿಗೆಯಲ್ಲಿ ಕಂಪ್ಯೂಟರ್ ನಿಲ್ಲತೊಡಗಿತು. ಹ್ಯಾಂಗ್ ಆಯಿತು ಎಂದು ಜನ ಸುಲಭವಾಗಿ ಅನ್ನುತ್ತಾರೆ. ಕೂತು ನೋಡಿದವರಿಗೆ ಅದರ ಭಯ ಗೊತ್ತು. ಎದುರಿಗೆ ಎಲ್ಲವೂ ಇದ್ದಂತೆಯೇ ಇರುತ್ತದೆ. ಅರ್ಧ ಟೈಪು ಮಾಡಿದ ಸಾಲು, ಬಾಣದ ಗುರುತು, ಮೂಲೆಯಲ್ಲಿ ಗಡಿಯಾರ. ಆದರೆ ಗಡಿಯಾರ ನಡೆಯುವುದಿಲ್ಲ. ಮೌಸು ಎಳೆದರೆ ಬಾಣ ಕದಲುವುದಿಲ್ಲ. ಎದುರು ಕೂತು ಮಾತಾಡುತ್ತಿದ್ದವರು ಕಣ್ಣು ತೆರೆದುಕೊಂಡೇ ಸುಮ್ಮನಾದರೆ ಹೇಗಾಗುತ್ತದೋ ಹಾಗೆ.

ಅದೇ ದಿನಗಳಲ್ಲಿ ಅಡಿಗೆಮನೆಯ ಹಳೆಯ ಫ್ರಿಜ್ಜಿಗೂ ಒಂದು ಚಟ ಹತ್ತಿತ್ತು. ಮುಟ್ಟಿದರೆ ಸಣ್ಣಗೆ ಚಿವುಟುತ್ತಿತ್ತು. ನನಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಅವ್ವ ಮಾತ್ರ ಸೆರಗಿನ ತುದಿಯನ್ನು ಹಿಡಿಕೆಗೆ ಸುತ್ತಿ ಬಾಗಿಲು ತೆಗೆಯುತ್ತಿದ್ದಳು. "ವಯಸ್ಸಾಗೇತಿ ಅದಕ್ಕ, ನಿನ್ನಂಗ" ಎಂದು ಚೇಷ್ಟೆ ಮಾಡಿದ್ದೆ. ಕಂಪ್ಯೂಟರಿಗೂ ಫ್ರಿಜ್ಜಿಗೂ ಏನು ಸಂಬಂಧ ಎಂದು ನನಗೆ ಹೊಳೆಯಲೇ ಇಲ್ಲ.

ಮೊದಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಆರಿಸಿ ಹಚ್ಚಿದೆ. ವೈರಸ್ ಹುಡುಕಿದೆ. ಬೇಡದ ಫೈಲುಗಳನ್ನು ಗುಡಿಸಿ ಹಾಕಿದೆ. ಡಬ್ಬಿ ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿಗೆ ಅವ್ವನ ಮಗ್ಗದ ನೂಲಿನ ಧೂಳು ಕೌದಿಯಂತೆ ಮೆತ್ತಿಕೊಂಡಿತ್ತು. ಸಿಕ್ಕಿತು ಕಳ್ಳ ಎಂದು ಹಿಗ್ಗಿ, ಹಳೆಯ ಬ್ರಶ್ಶಿನಿಂದ ಉಜ್ಜಿ ತೆಗೆದು, ಅವ್ವನಿಗೆ ಅರ್ಧ ತಾಸು ಬೈದೆ. "ನೂಲು ಇಲ್ಲದ ಮಗ್ಗ ಎಲ್ಲಿಂದ ತರ್ಲಿ?" ಎಂದಳು. ಮರುದಿನ ಕಂಪ್ಯೂಟರ್ ಮೂರು ಸಲ ನಿಂತಿತು.

ಕಡೆಗೆ ಡಬ್ಬಿಯನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಅಲ್ಲಿಯ ರಿಪೇರಿಯವರು ಮೂರು ದಿನ ಇಟ್ಟುಕೊಂಡರು. ಮೂರು ದಿನವೂ ಅದು ಒಂದೇ ಒಂದು ಸಲ ನಿಲ್ಲಲಿಲ್ಲವಂತೆ.

"ಏನೂ ಆಗಿಲ್ರಿ ಅಕ್ಕಾರ. ಹಗಲೆಲ್ಲಾ ಹಚ್ಚಿ ಇಟ್ಟಿದ್ವಿ, ಗಪ್ಪನ ನಡೀತು" ಎಂದರು.

ನಾನು ಸುಳ್ಳುಗಾರ್ತಿಯಾದೆ. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಅವ್ವನಿಗೆಂದು ಕರದಂಟು ಕೊಂಡೆ. ಹುನಗುಂದ ಬರುವಷ್ಟರಲ್ಲಿ ಸಿಟ್ಟಿಗೆ ಅರ್ಧ ನಾನೇ ತಿಂದೆ. ಮನೆಗೆ ಬಂದು ತಂತಿ ಜೋಡಿಸಿ, ಹಚ್ಚಿ, ಒಂದು ಪುಟ ತೆರೆದೆ. ಅಡಿಗೆಮನೆಯಲ್ಲಿ ಫ್ರಿಜ್ಜು ಗುರ್ ಎಂದಿತು. ಬಾಣ ನಿಂತಿತು. ಆಗ ಮೊದಲ ಸಲ ನನಗೆ ಸಿಟ್ಟಿನ ಬದಲು ಹೆದರಿಕೆಯಾಯಿತು. ಕೆಟ್ಟದ್ದು ಕಂಪ್ಯೂಟರಿನಲ್ಲಿಲ್ಲ, ನಮ್ಮ ಮನೆಯಲ್ಲಿದೆ.

ಒಂದು ನೋಟುಬುಕ್ಕು ಮಾಡಿ, ಯಾವ ದಿನ ನಿಂತಿತು, ಯಾವ ದಿನ ನಿಲ್ಲಲಿಲ್ಲ ಎಂದು ಬರೆದಿಡತೊಡಗಿದೆ. ಎರಡು ವಾರದಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಿಸಿಲು ಬಲಿತಾಗ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳು ಒಣಗಿ ಪಟಪಟ ಹರಿಯುತ್ತವೆಂದು ಅವ್ವ ಆಗಾಗ ಕುಣಿಯೊಳಗೆ ನೀರು ಚಿಮುಕಿಸುತ್ತಾಳೆ. ಅವಳು ನೀರು ಚಿಮುಕಿಸಿದ ದಿನ ನನ್ನ ಕಂಪ್ಯೂಟರ್ ನಿಲ್ಲುತ್ತಿರಲಿಲ್ಲ. ಕುಣಿ ಒಣಗಿದ ದಿನ ನಿಲ್ಲುತ್ತಿತ್ತು.

ಪೈಪಿನ ನೆನಪು ಆಗ ಬಂತು. ಬಾಗಲಕೋಟೆಯ ರಿಪೇರಿಯವರಿಗೆ ಫೋನು ಮಾಡಿದೆ. ಅರ್ಥಿಂಗೇ ಇರಬೇಕು ಎಂದು ಅವರೂ ಹೇಳಿದರು. "ಆದ್ರ ಅಕ್ಕಾರ, ಮನೀಗೆ ಯಾರನ್ನರ ಕರಸಿ ತೋರಸ್ರಿ. ಎಲ್ಲಿಂದೋ ಕರೆಂಟು ಸೋರಾಕತ್ತಿರಬೇಕು" ಎಂದರು. ನಾನು ಮೊದಲ ಮಾತು ಹಿಡಿದುಕೊಂಡು ಎರಡನೆಯದನ್ನು ಬಿಟ್ಟೆ. ಚಾಚಾನನ್ನು ಕರೆಸಿದರೆ ಪೈಪು ಎಲ್ಲಿದೆ ಎಂದು ತೋರಿಸಬೇಕಾಗುತ್ತಿತ್ತು. ಆ ಅವಮಾನ ನನಗೆ ಬೇಕಿರಲಿಲ್ಲ. ಅರ್ಥಿಂಗಿಗೆ ಉಪ್ಪು ಮತ್ತು ನೀರು ಹಾಕಿದರೆ ಸರಿಹೋಗುತ್ತದೆ ಎನ್ನುವುದು ಯಾರಿಗೆ ಗೊತ್ತಿಲ್ಲ?

"ಯವ್ವಾ, ನಾಳಿಂದ ದಿನಾ ಮುಂಜಾನಿ ಒಂದ ಚರಿಗಿ ನೀರಾಗ ಒಂದ ಹಿಡಿ ಉಪ್ಪ ಕಲಸಿ, ಆ ಮೂಲ್ಯಾಗಿನ ಪೈಪಿಗೆ ಹಾಕು. ತಪ್ಪಸಬ್ಯಾಡ. ನೀ ತಪ್ಪಿಸಿದ್ರ ನನ್ನ ಕಂಪ್ಯೂಟರ್ ನಿಲ್ತೈತಿ."

"ಮಗ್ಗಕ್ಕ ಉಪ್ಪನೀರೇನ?" ಎಂದಳು. ಅಷ್ಟೇ. ಮರುದಿನ ಮುಂಜಾನೆ ಹಾಕಿದಳು.

ಕಂಪ್ಯೂಟರ್ ನೆಟ್ಟಗಾಯಿತು. ಫ್ರಿಜ್ಜು ಚಿವುಟುವುದನ್ನೂ ಬಿಟ್ಟಿತು. ಒಂದೂವರೆ ತಿಂಗಳು ನನ್ನ ನೋಟುಬುಕ್ಕಿನಲ್ಲಿ ಒಂದೇ ಮಾತು: ಇಂದು ನಿಲ್ಲಲಿಲ್ಲ. ಇಂದು ನಿಲ್ಲಲಿಲ್ಲ. ದಪ್ಪ ಪುಸ್ತಕವೊಂದನ್ನು ಹೇಳಿದ ವೇಳೆಗಿಂತ ಮೊದಲೇ ಮುಗಿಸಿಕೊಟ್ಟೆ. ಬಾಗಲಕೋಟೆಯವರಿಗೆ ಮತ್ತೆ ಫೋನು ಹಚ್ಚಿ, ನಿಮಗೆ ಬಗೆಹರಿಯದ್ದು ನನಗೆ ಬಗೆಹರಿಯಿತು ನೋಡ್ರಿ ಎಂದು ಜಂಬ ಕೊಚ್ಚಿದೆ.

ಆ ಒಂದೂವರೆ ತಿಂಗಳಲ್ಲೇ ಅವ್ವನ ಕಾಲು ಕೆಟ್ಟವು. ಮೊದಲು ಕುಂಟುವುದು ಕಂಡಿತು. ಮಗ್ಗದಿಂದ ಎದ್ದರೆ ಗೋಡೆ ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದಳು. ಕೇಳಿದರೆ "ಜುಮು ಜುಮು ಅಂತಾವು, ಆರಾಮಾಗ್ತಾವು" ಎನ್ನುವಳು. ರಾತ್ರಿ ಮಲಗುವ ಮೊದಲು ಕುಸುಬಿ ಎಣ್ಣೆ ಬಿಸಿ ಮಾಡಿ ಮೀನಖಂಡಕ್ಕೆ ತಿಕ್ಕಿಕೊಳ್ಳುವಳು. ಆಮೇಲೆ ನೇಯ್ಗೆಯಲ್ಲಿ ತಪ್ಪು ಕಾಣಿಸತೊಡಗಿತು. ಅವ್ವನ ಸೆರಗಿನಲ್ಲಿ ತಪ್ಪು ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಮಗ್ಗದ ಸಪ್ಪಳ ನಡುನಡುವೆ ನಿಲ್ಲುತ್ತಿತ್ತು. ಬೆನ್ನ ಹಿಂದೆ ಆ ಸಪ್ಪಳ ನಿಂತಾಗಲೆಲ್ಲ ನನ್ನ ಕೈಯೂ ಕೀಬೋರ್ಡಿನ ಮೇಲೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ.

ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಸಕ್ಕರೆ ಕಾಯಿಲೆ ಇದೆಯೇ ನೋಡಿದರು, ಇರಲಿಲ್ಲ. ಇಷ್ಟು ವರ್ಷ ಕಾಲು ಇಳಿಬಿಟ್ಟು ಕೂತವರಿಗೆ ನರ ಸೋಲುವುದುಂಟು ಎಂದು ಗುಳಿಗೆ ಬರೆದುಕೊಟ್ಟು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಕುಣಿಮಗ್ಗದಲ್ಲಿ ಕೂಡುತ್ತಾಳೆ, ಕಾಲು ಜುಮು ಜುಮು ಅನ್ನುತ್ತವೆ, ನಾವು ಅವರಿಗೆ ಹೇಳಿದ್ದು ಅಷ್ಟೇ. ಪೈಪಿನ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಅವ್ವ ಗುಳಿಗೆ ನುಂಗುತ್ತ, ಮುಂಜಾನೆ ಚರಿಗೆಯಲ್ಲಿ ಉಪ್ಪು ಕಲಸುತ್ತ ಇದ್ದಳು. ಒಂದೆರಡು ಸಲ ನಾನೇ ಹಾಕುತ್ತೇನೆ ಕೊಡು ಎಂದು ಎದ್ದೆ.

"ನೀ ಬರಬ್ಯಾಡ. ನಾ ಹಾಕ್ತೇನಿ" ಎಂದು ಚರಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು. ಚಪ್ಪಲಿಯ ಮೈಲಿಗೆಗೆ ಅಂದಳು ಎಂದುಕೊಂಡೆ.

ಗುಳೇದಗುಡ್ಡದಲ್ಲಿ ನಮ್ಮ ಚಿಗವ್ವ ಜಾರಿ ಬಿದ್ದು ಕೈ ಮುರಿದುಕೊಂಡಳೆಂದು ಸುದ್ದಿ ಬಂತು. ಅವ್ವ ಎರಡು ದಿನದ ಮಟ್ಟಿಗೆ ಹೊರಟಳು. ಹೊಸ್ತಿಲು ದಾಟಿದವಳು ತಿರುಗಿ ಬಂದಳು.

"ಉಪ್ಪನೀರು ಮ್ಯಾಲ ನಿಂತು ಸುರವು. ಕುಣಿಯಾಗ ಇಳಿಬ್ಯಾಡ. ಕೇಳಾಕತ್ತೀಯೇನು?"

"ಹೂಂ ಯವ್ವಾ, ನಿನ್ನ ಮಗ್ಗ ನಾ ಮುಟ್ಟಂಗಿಲ್ಲ, ಹೋಗು."

"ಮಗ್ಗದ ಮಾತಲ್ಲ" ಎಂದಳು. ಬಸ್ಸಿನ ಹೊತ್ತಾಗಿತ್ತು, ಹೋದಳು.

ಮರುದಿನ ಮುಂಜಾನೆ ಚರಿಗೆ ಹಿಡಿದು ಮೇಲಿನಿಂದಲೇ ಸುರುವಿದೆ. ಸುರುವುವಾಗ ಮೊಳಕೈ ತಾಗಿ, ಹಾಸಿನ ಮೇಲಿಟ್ಟಿದ್ದ, ಅಡ್ಡ ಎಳೆ ಒಯ್ಯುವ ಲಾಳಿ ಜಾರಿ ಕುಣಿಯೊಳಗೆ ಬಿತ್ತು. ಉಪ್ಪುನೀರಲ್ಲಿ ಅವ್ವನ ಲಾಳಿ, ಅದರೊಳಗೆ ರೇಷ್ಮೆ. ಬಂದು ನೋಡಿದರೆ ನನ್ನ ಚರ್ಮ ಸುಲಿಯುತ್ತಾಳೆ ಎಂದು ಗಾಬರಿಯಾಗಿ ಇಳಿಯಹೊರಟೆ. ಆಗ ಎಂದೂ ಇಲ್ಲದ ಭಕ್ತಿ ಬಂತು. ಅವಳಿಲ್ಲದಾಗಲಾದರೂ ಅವಳ ಮಾತು ನಡೆಸೋಣವೆಂದು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದೆ.

ತಂಪು ಮಣ್ಣು. ಏನೂ ಆಗಲಿಲ್ಲ. ಬಗ್ಗಿ ಲಾಳಿ ಎತ್ತಿಕೊಂಡೆ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಫ್ರಿಜ್ಜು ಗುರ್ ಎಂದಿತು.

ಎರಡೂ ಕಾಲನ್ನು ಯಾರೋ ಕೆಳಗಿನಿಂದ ಹಿಡಿದರು. ಮೀನಖಂಡ ಗಂಟುಗಟ್ಟಿತು. ಎತ್ತಬೇಕೆಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಕೂಗಲು ಬಾಯಿ ತೆರೆದದ್ದು ಗೊತ್ತು, ದನಿ ಬಂದದ್ದು ಗೊತ್ತಿಲ್ಲ. ಹಿಂದಕ್ಕೆ ವಾಲಿ ಅವ್ವ ಕೂಡುವ ಹಲಗೆಯ ಮೇಲೆ ಬಿದ್ದೆ. ಬಿದ್ದ ರಭಸಕ್ಕೆ ಕಾಲು ಮಣ್ಣಿನಿಂದ ಕಿತ್ತು ಬಂದವು. ಅಲ್ಲೇ ಮಂಡಿ ಎದೆಗೆ ಹಚ್ಚಿಕೊಂಡು ಎಷ್ಟೋ ಹೊತ್ತು ಕೂತಿದ್ದೆ. ತಿರುಗಿ ನೋಡಿದರೆ ನನ್ನ ಕಂಪ್ಯೂಟರ್ ನಡೆಯುತ್ತಿತ್ತು. ಅದರ ಮೂಲೆಯ ಗಡಿಯಾರ ಒಂದೊಂದೇ ನಿಮಿಷ ಮುಂದೆ ಹೋಗುತ್ತಿತ್ತು.

ಕರೆದ ಕೂಡಲೇ ಚಾಚಾ ಬಂದರು. ಅವರ ಕೈಯಲ್ಲಿ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಒಂದು ಸಣ್ಣ ಬಲ್ಬು. ಒಂದು ತಂತಿಯನ್ನು ಗೋಡೆಯ ಪ್ಲಗ್ಗಿನ ಕರೆಂಟು ಬಾರದ ತೂತಿಗೆ ಸಿಕ್ಕಿಸಿ, ಇನ್ನೊಂದರ ತುದಿಯನ್ನು ಮೇಲಿನಿಂದಲೇ ಕುಣಿಯ ಮಣ್ಣಿಗೆ ಚುಚ್ಚಿ, ಫ್ರಿಜ್ಜು ಶುರುವಾಗುವುದನ್ನೇ ಕಾದರು. ಗುರ್ ಎಂದಿತು. ಬಲ್ಬಿನೊಳಗಿನ ಎಳೆ ನಿಧಾನಕ್ಕೆ ಕೆಂಪಗಾಯಿತು. ಬರೀ ಮಣ್ಣಿನಿಂದ ದೀಪ ಹತ್ತಿದ್ದನ್ನು ನಾನು ಅಂದೇ ನೋಡಿದ್ದು.

"ಫ್ರಿಜ್ಜಿನ ಮೋಟರ್ ಒಳಗ ಸುಟ್ಟು ಕರೆಂಟು ಮೈಗೆ ಬಂದೈತಿ" ಎಂದರು. "ಅಲ್ಲಿಂದ ಹಸರ ತಂತಿ ಹಿಡದು ಇಲ್ಲಿಗೆ ಇಳದೈತಿ. ಕುಣಿ ಒಣಗಿದ್ರ ಇಳಿಯಾಕ ದಾರಿ ಇಲ್ಲ, ತಂತಿಯಾಗ ನಿಂತು ನಿನ್ನ ಕಂಪ್ಯೂಟರ್ ಕೆಡಸ್ತೈತಿ. ಹಸಿ ಇದ್ರ ಪೂರಾ ಮಣ್ಣಾಗ ಇಳೀತೈತಿ. ನೀ ಮ್ಯಾಲ ಉಪ್ಪ ಬ್ಯಾರೆ ಹಾಕೀದಿ." ಕೂಡುವ ಹಲಗೆ ನೋಡಿ ಕೇಳಿದರು: "ಇಲ್ಲಿ ಅವ್ವಾರು ದಿನಾ ಕುಂಡ್ರತಿದ್ರೇನು, ಬರಿಗಾಲಲೆ?"

ನಾನು ಹೌದೆಂದು ಗೋಣು ಹಾಕಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಫ್ರಿಜ್ಜಿನ ಪ್ಲಗ್ಗು ಕಿತ್ತು, ಪೈಪು ತೆಗೆದು, ಮರುದಿನವೇ ಕಲ್ಲು ಒಡೆಯುವವರನ್ನು ಕರೆತಂದು ಹಿತ್ತಲಲ್ಲಿ ಆಳದ ಕುಣಿ ತೋಡಿಸಿದರು. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನು ಮೀಟರಿನ ಹತ್ತಿರ ಕೂರಿಸಿದರು. ನಾನು ಕುಣಿಯ ಉಪ್ಪುಮಣ್ಣನ್ನೆಲ್ಲ ಬುಟ್ಟಿಯಲ್ಲಿ ಎತ್ತಿ ಹೊರಗೆ ಚೆಲ್ಲಿ, ಹೊಸ ಮಣ್ಣು ತುಂಬಿ, ತಳ ಸಾರಿಸಿದೆ.

ಅವ್ವ ಬಂದಳು. ಎಲ್ಲವನ್ನೂ ಹೇಳಿದೆ, ಪೈಪನ್ನು ನಾನೇ ಬಡಿದದ್ದು, ಚಾಚಾನನ್ನು ಬಾಗಿಲಿನಿಂದ ಕಳಿಸಿದ್ದು, ಏನನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿದ್ದು ಒಂದೇ.

"ನೀ ಯಾಕ ಇಳದಿ? ಇಳಿಬ್ಯಾಡ ಅಂದಿದ್ನಲ್ಲ."

"ನಿನಗ ಗೊತ್ತಿತ್ತೇನ ಯವ್ವಾ?"

"ಕರೆಂಟು ಅಂತ ಗೊತ್ತಿತ್ತು. ಫ್ರಿಜ್ಜು ಚಿವುಟಿದಂಗ ಚಿವುಟ್ತಿತ್ತು, ಸ್ವಲ್ಪ ಜೋರು. ಉಪ್ಪನೀರು ಹಾಕಿದ ಮ್ಯಾಲ ಭಾಳ ಆತು."

"ಹಂಗಂದ್ರ ಯಾಕ ಹಾಕಿದಿ? ಯಾಕ ಹೇಳಲಿಲ್ಲ?"

"ಹಾಕದಿದ್ರ ನಿನ್ನ ಕಂಪ್ಯೂಟರ್ ನಿಲ್ತೈತಿ ಅಂದಿದ್ದಿಯಲ್ಲ" ಎಂದಳು. ಅನ್ನಕ್ಕೆ ಇಟ್ಟಿದ್ದೀಯಾ ಎಂದು ಕೇಳುವ ದನಿಯಲ್ಲೇ ಅಂದಳು.

ನನಗೆ ಅಳು ಬಂತು. ಅತ್ತುಬಿಟ್ಟೆ. ಅವಳು ಕಾಲು ತೊಳೆದುಕೊಂಡು ಬಂದು, ಮಗ್ಗಕ್ಕೆ ಕೈ ಮುಗಿದು, ಹೊಸ ಮಣ್ಣಿನ ಮೇಲೆ ಕಾಲಿಟ್ಟು ಕೂತಳು. ಅಂದು ನಾನು ಕುರ್ಚಿಯನ್ನು ತಿರುಗಿಸಿ ಅವಳ ಕಡೆ ಮುಖ ಮಾಡಿ ಕೂತೆ. ಲಾಳಿ ಓಡತೊಡಗಿತು. ಹಲಗೆ ತುಳಿಯುವ ಸಪ್ಪಳ ಮೊದಲಿನಂತೆ ಒಂದೇ ಸಮ ಕೇಳಿಬಂತು. ಅಡಿಗೆಮನೆಯಲ್ಲಿ ಹಳೆಯ ಫ್ರಿಜ್ಜಿನ ಜಾಗಕ್ಕೆ ಬೇರೆಯದು ಬಂದಿತ್ತು, ಚಾಚಾ ನಾಲ್ಕು ಸಲ ಪರೀಕ್ಷೆ ಮಾಡಿ ಹಚ್ಚಿಕೊಟ್ಟದ್ದು.

ಅದು ಗುರ್ ಎಂದಿತು. ಮಗ್ಗದ ಸಪ್ಪಳ ನಿಂತಿತು. ಅವ್ವ ತಲೆ ಎತ್ತಲಿಲ್ಲ, ಕೈಯಲ್ಲಿನ ಎಳೆಯನ್ನೂ ಬಿಡಲಿಲ್ಲ. ಅವಳ ಎರಡೂ ಪಾದ ಮಾತ್ರ ಹಲಗೆ ಬಿಟ್ಟು, ಮಣ್ಣು ಬಿಟ್ಟು, ಕುಣಿಯಿಂದ ಮೇಲೆ ಬಂದು, ಫ್ರಿಜ್ಜು ಸುಮ್ಮನಾಗುವವರೆಗೂ ಗಾಳಿಯಲ್ಲೇ ನಿಂತಿದ್ದವು.